ಆಡು ಮುಟ್ಟದ ಸೊಪ್ಪು, ಆಟಿಯ ಸೊಪ್ಪು

ಮಳೆ ಹಿಡಿದ ಎರಡು ಮೂರು ವಾರಕ್ಕೆ ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹೊರಗೆ ಮುರ್ಬಾಡ್, ಶಹಾಪುರ ಕಡೆಯ ಹೆಂಗಸರು ಬಂದು ಕೂರುತ್ತಾರೆ. ಕೆಳಗೆ ಗೋಣಿಚೀಲ, ತಲೆ ಮೇಲೆ ಪ್ಲಾಸ್ಟಿಕ್ ಹಾಳೆ. ತಕ್ಕಡಿ ಇಲ್ಲ. ಸೊಪ್ಪನ್ನು ಹುಲ್ಲಿನಿಂದ ಕಟ್ಟಿ ಸಾಲಾಗಿ ಇಟ್ಟಿರುತ್ತಾರೆ. ಮಧ್ಯಾಹ್ನದೊಳಗೆ ಖಾಲಿ ಮಾಡಿ ಲೋಕಲ್ ಹಿಡಿದು ವಾಪಸ್. ಕಳೆದ ಜುಲೈಯಲ್ಲಿ ನಾನು ಒಂದು ಕಟ್ಟು ಎತ್ತಿ ಮೂಸುತ್ತಿದ್ದೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದವರು "ಅಕ್ಕಾ, ತಜಂಕ್ ಅಲ್ವಾ ಅದು?" ಅಂದರು. "ಟಾಕ್ಳಾ, ಟಾಕ್ಳಾ" ಅಂತ ಸೊಪ್ಪು ಮಾರುವ ಮಾವ್ಶಿ ತಿದ್ದಿದರು. ಇಬ್ಬರದ್ದೂ ಸರಿ. ಘಟ್ಟದ ಮೇಲಿನವರು ಅದನ್ನೇ ತಗಚೆ ಅನ್ನುತ್ತಾರೆ, ಗೋವಾದವರು ತಾಯ್ಕಿಳೊ. ಸಸ್ಯಶಾಸ್ತ್ರದವರಿಗೆ ಸೆನ್ನಾ ಟೋರಾ.

ಈಗ ಇದಕ್ಕೆ ಇನ್ನೊಂದು ಹೆಸರು ಅಂಟಿಕೊಂಡಿದೆ: ಆಕ್ರಮಣಕಾರಿ ಸಸ್ಯ. ಹೊರಗಿನಿಂದ ಬಂದು, ಇಲ್ಲಿಯ ಗಿಡಗಳ ಜಾಗ ಕಿತ್ತುಕೊಂಡು ಹಬ್ಬುವ ಗಿಡ. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ನಮ್ಮ ಕರಾವಳಿಯವರ ಒಂದು 'ಆಟಿಡೊಂಜಿ ದಿನ'ದ ಕಾರ್ಯಕ್ರಮದಲ್ಲಿ ಕಾಲೇಜಿನ ಹುಡುಗನೊಬ್ಬ ಮೈಕ್ ಹಿಡಿದು ಇದನ್ನೇ ಹೇಳಿದ. ಹೊರದೇಶಗಳಲ್ಲಿ ಇಂಥ ಗಿಡಗಳನ್ನು ಹುಡುಕಿ ಅಡುಗೆ ಮಾಡುವ ಚಳವಳಿಯೇ ಇದೆ, ನಾವೂ ತಿಂದೇ ಮುಗಿಸೋಣ ಅಂದ. ಚಪ್ಪಾಳೆ ಬಿತ್ತು. ಕೈಯಲ್ಲಿ ತಜಂಕ್ ವಡೆ ಇತ್ತು, ನಾನೂ ಎಡಗೈಯಿಂದ ತೊಡೆ ತಟ್ಟಿದೆ. ವಡೆ ಚೆನ್ನಾಗಿತ್ತು. ಮನೆಗೆ ಬಂದು ಯೋಚಿಸಿದರೆ ಲೆಕ್ಕ ಕೂಡಲಿಲ್ಲ.

ತೊಂದರೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ವಿಶ್ವಸಂಸ್ಥೆಯ ಆಸರೆಯಲ್ಲಿರುವ ಜೀವವೈವಿಧ್ಯ ವೇದಿಕೆ ಐಪಿಬಿಇಎಸ್ 2023ರಲ್ಲಿ ಒಂದು ವರದಿ ಕೊಟ್ಟಿತು. ಮನುಷ್ಯರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಗಿಡ, ಪ್ರಾಣಿ, ಹುಳಹುಪ್ಪಟೆ ಸೇರಿ 37,000 ಜಾತಿ. ಅದರಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿಂದ ನಿಜವಾದ ಹಾನಿ. ನಷ್ಟ 2019ರ ಲೆಕ್ಕದಲ್ಲಿ ವರ್ಷಕ್ಕೆ 42,300 ಕೋಟಿ ಡಾಲರ್. ನಮ್ಮ ದೇಶದಲ್ಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಇಂಥ ಜೀವಿಗಳಿಗೆ ಮೊದಲ ಬಾರಿ ಜಾಗ ಸಿಕ್ಕಿತು. ಹಾಗಾಗಿ ಆ ಹುಡುಗನ ಕಾಳಜಿ ಸರಿ. ಅವನ ಮದ್ದಿನ ಬಗ್ಗೆ ನನ್ನ ತಕರಾರು.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ. ಗಾದೆ ಕಟ್ಟಿದವರು ಕಾಂಗ್ರೆಸ್ ಗಿಡ ನೋಡಿರಲಿಲ್ಲ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ನಮ್ಮಲ್ಲಿ ಹಬ್ಬುತ್ತಿರುವುದು ಮೊದಲು ಕಣ್ಣಿಗೆ ಬಿದ್ದದ್ದು ಪುಣೆಯಲ್ಲಿ, 1955ರಲ್ಲಿ. ಅಮೆರಿಕದಿಂದ ನೆರವಾಗಿ ಬಂದ ಗೋಧಿಯ ಜೊತೆ ಬೀಜ ಬಂತು ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಮರಾಠಿಯಲ್ಲಿ ಗಾಜರ್ ಗವತ್, ಕ್ಯಾರೆಟ್ ಹುಲ್ಲು. ಎಳೆ ಗಿಡದ ಎಲೆ ನೋಡಿದರೆ ಹೆಸರು ಸರಿಯಾಗೇ ಇದೆ ಅನಿಸುತ್ತದೆ. ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ, ಪರಾಗ ಮೂಗಿಗೆ ಹೋದರೆ ಉಬ್ಬಸ. ಆಡು ಮೂಸುತ್ತದೆ, ಮುಂದಕ್ಕೆ ಹೋಗುತ್ತದೆ. ಲಂಟಾನವೂ ಅದೇ ಕಥೆ. ಎಲೆಯಲ್ಲಿರುವ ವಿಷ ದನದ ಪಿತ್ತಜನಕಾಂಗ ಕೆಡಿಸುತ್ತದೆ. ಮರಾಠಿಯವರು ಅದನ್ನು ಘಾಣೇರಿ, ನಾರುವವಳು, ಅಂತಲೇ ಕರೆದರು. ಕೊಂಕಣದ ಗುಡ್ಡಗಳಲ್ಲಿ ರಾನ್‌ಮೋಡಿ ಇದೆ, ಅಂದರೆ ಕಾಡು ಮುರಿಯುವುದು. ನಮ್ಮ ಕರಾವಳಿಯಲ್ಲಿ ಅದಕ್ಕೆ ಕಮ್ಯುನಿಸ್ಟ್ ಗಿಡ ಅನ್ನುವವರಿದ್ದಾರೆ. ಕಾಂಗ್ರೆಸ್ಸೂ ಕಮ್ಯುನಿಸ್ಟೂ ಭುಜಕ್ಕೆ ಭುಜ ಕೊಟ್ಟು ನಿಂತದ್ದು ನೋಡಬೇಕಾದರೆ ಯಾವುದಾದರೂ ಹಾಳುಬಿದ್ದ ಪ್ಲಾಟಿಗೆ ಹೋದರೆ ಸಾಕು.

ಇದರಲ್ಲೇ ಗುಟ್ಟು ಇರುವುದು. ಈ ಗಿಡಗಳು ಹಬ್ಬಿದ್ದೇ ಇಲ್ಲಿ ಅವುಗಳನ್ನು ತಿನ್ನುವವರು ಇಲ್ಲದ್ದರಿಂದ. ಅವುಗಳ ತವರಲ್ಲಿ ಎಲೆ ಕೊರೆಯುವ ಹುಳ, ಬೀಜ ತಿನ್ನುವ ಕೀಟ, ಬೂಷ್ಟು ಎಲ್ಲ ಇರುತ್ತವೆ. ಬೀಜ ಮಾತ್ರ ಹಡಗು ಹತ್ತಿತು, ಶತ್ರುಗಳು ದಡದಲ್ಲೇ ಉಳಿದರು. ಹೀಗಿರುವಾಗ 'ತಿಂದು ಮುಗಿಸಿ' ಅಂದರೆ, ಯಾರೂ ತಿನ್ನದೇ ಇದ್ದದ್ದರಿಂದ ಗೆದ್ದವರನ್ನು ತಿನ್ನಿ ಅಂದ ಹಾಗೆ. ತಟ್ಟೆಗೆ ಬರುವಂಥದ್ದು ಅಷ್ಟು ಸುಲಭವಾಗಿ ಗುಡ್ಡ ಆಳುವುದಿಲ್ಲ, ಗುಡ್ಡ ಆಳುವಂಥದ್ದು ತಟ್ಟೆಗೆ ಬರುವುದಿಲ್ಲ.

ಹಾಗಂತ ತಿನ್ನುವುದರಿಂದ ಯಾವತ್ತೂ ಕಳೆ ಸೋತಿಲ್ಲ ಅಂತಲ್ಲ. ಪಾಪಾಸುಕಳ್ಳಿ ಸೋತಿದೆ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬಟ್ಟೆಗೆ ಹಾಕುವ ಕೆಂಪು ಬಣ್ಣ ಬೇಕಿತ್ತು. ಕಳ್ಳಿಯ ಮೇಲೆ ಬದುಕುವ ಬಣ್ಣದ ಹುಳವನ್ನು ಬ್ರೆಜಿಲ್‌ನಿಂದ ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣ ಸಪ್ಪೆ, ವ್ಯಾಪಾರ ಮಣ್ಣುಪಾಲು. ಆದರೆ ಆ ಹುಳ ಒಂದು ಜಾತಿಯ ಕಳ್ಳಿಯನ್ನು ಚೆನ್ನಾಗಿ ತಿಂದು ಹಾಕಿತು. ಕಳೆಯ ಮೇಲೆ ಹುಳ ಬಿಡುವ ವಿದ್ಯೆಯ ಚರಿತ್ರೆ ಶುರುವಾಗುವುದೇ ಈ ಎಡವಟ್ಟಿನಿಂದ. ಕಾಂಗ್ರೆಸ್ ಗಿಡಕ್ಕೂ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನು ಜರಡಿ ಮಾಡುತ್ತದೆ. ಮಳೆ ಮುಗಿದರೆ ಮಣ್ಣಿನೊಳಗೆ ಮಲಗಿಬಿಡುತ್ತದೆ, ಅಷ್ಟರಲ್ಲಿ ಉಳಿದ ಗಿಡ ಬೀಜ ಉದುರಿಸುತ್ತದೆ. ಆ ಹುಳಕ್ಕೆ ಬೇರೆ ಮೆನು ಇಲ್ಲ. ತೆಂಗಿನಕಾಯಿ ತುರಿಯಬೇಕಿಲ್ಲ, ಬೆಲ್ಲ ಬೇಕಿಲ್ಲ, ಭಾನುವಾರಕ್ಕೆ ಕಾಯುವುದಿಲ್ಲ. ಅಂಥ ಹುಳಕ್ಕೇ ಪೂರ್ತಿ ಮುಗಿಸಲು ಆಗದ ಕೆಲಸವನ್ನು ವರ್ಷಕ್ಕೆ ಎರಡು ಸಲ ವಡೆ ಮಾಡುವ ನಾವು ಮಾಡುತ್ತೇವಾ?

ಇಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಒಂದು ಗಿಡ ಇದೆ. ಸುಬಾಬುಲ್. ಆಡು ಅದನ್ನು ಓಡಿ ಬಂದು ತಿನ್ನುತ್ತದೆ. 1970-80ರ ದಶಕಗಳಲ್ಲಿ ಮೇವು ಅಂತಲೇ ಅದನ್ನು ನೆಡಿಸಿದ್ದು. ಪುಣೆ ಹತ್ತಿರದ ಉರುಳಿಕಾಂಚನದ ಬಾಯಫ್ ಸಂಸ್ಥೆಯೂ ಅದಕ್ಕೆ ತುಂಬಾ ಪ್ರಚಾರ ಕೊಟ್ಟಿತ್ತು. ಹೆಸರಿನಲ್ಲೇ 'ಸು' ಸೇರಿಸಿಕೊಂಡ ಮರ ಅದು. ಮೆಕ್ಸಿಕೋದಲ್ಲಿ ಅದರ ಬೀಜವನ್ನು ಜನ ತಿನ್ನುತ್ತಾರೆ, ಅಲ್ಲಿಯ ವಹಾಕಾ ಅನ್ನುವ ಊರಿಗೆ ಹೆಸರು ಬಂದದ್ದೂ ಈ ಕಾಯಿಯಿಂದಲೇ. ಇಂಡೋನೇಷ್ಯಾದಲ್ಲೂ ಅಡುಗೆಗೆ ಬಳಸುತ್ತಾರೆ. ಆದರೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಿದೆ. ಯಾಕೆ? ಆಡಿಗೆ ಎಟುಕುವುದು ಕೆಳಗಿನ ಎಲೆ, ಬೀಜ ಮೇಲಿಂದ ಸುರಿಯುತ್ತದೆ. ಕಡಿದರೆ ಬುಡದಿಂದ ನಾಲ್ಕು ಚಿಗುರು. ಮೇಲಾಗಿ ಅದರಲ್ಲಿ ಮಿಮೋಸಿನ್ ಅನ್ನುವ ಒಂದು ಅಂಶ ಇದೆ, ಜಾಸ್ತಿ ತಿಂದ ಪ್ರಾಣಿಗಳ ಕೂದಲು ಉದುರುತ್ತದೆ. ಹೊಸ ಅಡುಗೆ ಅಂತ ಪ್ರಯೋಗ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೂ ವಿಚಿತ್ರ ಅಂದರೆ, ಕೆಲವು ಗಿಡಗಳು ಹಬ್ಬುವುದೇ ತಿನ್ನುವವರಿಂದ. ಬಳ್ಳಾರಿ ಜಾಲಿಯ ಕಾಯಿ ಸಿಹಿ. ಹೆಸರು ಬಳ್ಳಾರಿಯದ್ದು, ತವರು ಅಮೆರಿಕ ಖಂಡ. ಮರಾಠಿಯವರಿಗೆ ಅದು ವೇಡಿ ಬಾಭುಳ್, ಹುಚ್ಚು ಜಾಲಿ. ದನ, ಕುರಿ ಕಾಯಿ ತಿಂದು ಹೋದಲ್ಲೆಲ್ಲ ಸಗಣಿ ಹಾಕುತ್ತವೆ, ಬೀಜ ಗೊಬ್ಬರದ ಸಮೇತ ಬಿತ್ತನೆಯಾಗುತ್ತದೆ. ಲಂಟಾನದ ಕಪ್ಪು ಹಣ್ಣಿಗೆ ಹಕ್ಕಿಗಳು ಇದೇ ಸೇವೆ ಮಾಡುತ್ತವೆ. ಚಿಕ್ಕವರಿದ್ದಾಗ ನಾವೂ ಆ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡಿದ್ದೆವು. ಹಸಿರು ಕಾಯಿ ವಿಷ ಅಂತ ಅಮ್ಮ ಬೈದದ್ದು ಸುಮ್ನೆ ಅಲ್ಲ.

ಮನುಷ್ಯರ ಉದಾಹರಣೆಯೂ ಇದೆ. ನಮ್ಮ ಹೊನಗೊನ್ನೆ ಸೊಪ್ಪನ್ನು ಶ್ರೀಲಂಕಾದವರು ಮುಕುನುವೆನ್ನ ಅನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಶ್ರೀಲಂಕಾದ ಕುಟುಂಬಗಳು ಊರಿನ ರುಚಿಗೆ ಅಂತ ಅದನ್ನು ಹಿತ್ತಲಲ್ಲಿ ಬೆಳೆಸಿಕೊಂಡವು. 1990ರ ದಶಕದಲ್ಲಿ ನೋಡಿದರೆ ಅದು ಹೊನಗೊನ್ನೆ ಅಲ್ಲ. ಅದರ ದಾಯಾದಿ, ದಕ್ಷಿಣ ಅಮೆರಿಕದ ಅಲಿಗೇಟರ್ ಕಳೆ, ನದಿಗಳನ್ನೇ ಮುಚ್ಚುವಂಥದ್ದು. ಎಷ್ಟೋ ಹಿತ್ತಲುಗಳಲ್ಲಿ ಅದು ಪಲ್ಯದ ಸೊಪ್ಪಾಗಿ ಬೆಳೆದು ನಿಂತಿತ್ತು. ಅಲ್ಲಿನ ಅಧಿಕಾರಿಗಳು ಜಾಣತನ ಮಾಡಿದರು. ಆ ಗಿಡ ಕಿತ್ತುಕೊಂಡು, ಬದಲಿಗೆ ಅದೇ ಕುಲದ ಅಲ್ಲಿಯದೇ ಸೊಪ್ಪೊಂದನ್ನು ಕೊಟ್ಟರು. ರುಚಿಗೆ ಮರುಳಾದವರು ಗಿಡ ಮುಗಿಸುವುದಿಲ್ಲ, ಸಾಕುತ್ತಾರೆ. ನಾವೂ ಅಷ್ಟೇ. ಊರಿಂದ ಬರುವಾಗ ಬ್ಯಾಗಿನಲ್ಲಿ ಬಸಳೆ ದಂಟು, ಕೆಸುವಿನ ಗಡ್ಡೆ ತರದವರು ಯಾರಿದ್ದೀರಿ, ಕೈ ಎತ್ತಿ.

ಈಗ ತಜಂಕ್ ಹತ್ತಿರ ಬರೋಣ. ಇದನ್ನು ಅಮೆರಿಕದಿಂದ ಬಂದ ಕಳೆ ಅಂತ ನಮ್ಮ ದೇಶದ ಹಲವು ಪಟ್ಟಿಗಳು ಹೇಳುತ್ತವೆ. ಆದರೆ ಆಯುರ್ವೇದದ ಹಳೆಯ ಗ್ರಂಥಗಳು ಚಕ್ರಮರ್ದ ಅಂತ ಹೇಳುವುದು ಇದನ್ನೇ ಅಂತ ವೈದ್ಯರ ನಂಬಿಕೆ. ಹಾಗಿದ್ದರೆ ಕೊಲಂಬಸ್‌ಗಿಂತ ಮೊದಲೇ ಇಲ್ಲಿತ್ತಲ್ಲ? ಸಸ್ಯಶಾಸ್ತ್ರಜ್ಞರಲ್ಲೇ ಇದರ ತವರಿನ ಬಗ್ಗೆ ಜಗಳ ಇದೆ. ನನಗೆ ಆ ಜಗಳಕ್ಕಿಂತ ಅದು ಎಲ್ಲಿ ಬೆಳೆಯುತ್ತದೆ ಅನ್ನುವುದು ಮುಖ್ಯ. ದಟ್ಟ ಕಾಡಿನೊಳಗೆ ತಜಂಕ್ ಇರುವುದಿಲ್ಲ. ನೆಲ ಅಗೆದು ಬಿಟ್ಟಲ್ಲಿ, ರಸ್ತೆ ಬದಿಯಲ್ಲಿ, ದನ ಮೇದು ಬೋಳಾದಲ್ಲಿ, ಕಟ್ಟಡ ಏಳಬೇಕಾದ ಖಾಲಿ ಸೈಟಿನಲ್ಲಿ ಇರುತ್ತದೆ. ದಾಳಿ ಮಾಡಿದವರು ನಾವು, ಅದು ಹಿಂದಿನಿಂದ ಬಂದು ಕೂತಿತು.

ಒಂದೇ ವರ್ಷದ ಗಿಡ. ಬೀಜದಿಂದ ಮಾತ್ರ ಮುಂದಿನ ವರ್ಷ. ಹಾಗಾಗಿ ತಿಂದು ಕಡಿಮೆ ಮಾಡಬಹುದಾದ ಗಿಡ ಯಾವುದಾದರೂ ಇದ್ದರೆ ಇದೇ ಅನ್ನಬಹುದು, ಒಂದು ಷರತ್ತಿನ ಮೇಲೆ. ಹೂ ಬಿಡುವ ಮೊದಲು ಬೇರು ಸಮೇತ ಕೀಳಬೇಕು. ಅಡುಗೆಗೆ ಬೇಕಾದದ್ದೂ ಅದೇ ಹೊತ್ತಿನ ಎಳೆಗಿಡ. ಆದರೆ ಕಟ್ಟು ಬಿಚ್ಚಿ ನೋಡಿ. ಬೇರು ಇರುವುದಿಲ್ಲ. ತುದಿಯ ನಾಲ್ಕು ಬೆರಳಷ್ಟು ಚಿವುಟಿ ತಂದಿರುತ್ತಾರೆ. ತುದಿ ಚಿವುಟಿದ ಗಿಡ ಏನು ಮಾಡುತ್ತದೆ ಅಂತ ಮಲ್ಲಿಗೆ, ತುಳಸಿ ಬೆಳೆಸಿದ ಯಾರಿಗೂ ಗೊತ್ತು. ಪಕ್ಕದಿಂದ ಕವಲು ಒಡೆಯುತ್ತದೆ. ಕವಲು ಜಾಸ್ತಿ ಆದರೆ ಹೂವೂ ಜಾಸ್ತಿ, ಕೋಡೂ ಜಾಸ್ತಿ.

ಅಡುಗೆ ಗೊತ್ತಿಲ್ಲದವರಿಗೆ ಎರಡು ಮಾತು. ಎಲೆ ಬಿಡಿಸುವಾಗ ಒಂದು ಹಸಿ ವಾಸನೆ ಹೊಡೆಯುತ್ತದೆ, ಹೆದರಬೇಡಿ, ಬೆಂದರೆ ಹೋಗುತ್ತದೆ. ದಂಟು ಬೇಡ, ಎಲೆ ಮಾತ್ರ ಸಣ್ಣಗೆ ಹೆಚ್ಚಿ. ನಮ್ಮ ಮನೆಯಲ್ಲಿ ಹಲಸಿನ ಬೀಜ ಜಜ್ಜಿ ಬೇಯಿಸಿ, ಅದಕ್ಕೆ ಸೊಪ್ಪು ಹಾಕಿ, ಕಾಯಿ, ಒಣಮೆಣಸು, ಚೂರು ಹುಳಿ, ಬೆಲ್ಲ ಸೇರಿಸಿ ಪಲ್ಯ ಮಾಡುತ್ತೇವೆ. ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ವಡೆಗೆ ನೆನೆಸಿದ ಅಕ್ಕಿ, ತೊಗರಿಬೇಳೆ ತರಿತರಿಯಾಗಿ ರುಬ್ಬಿ ಕೈತುಂಬ ಸೊಪ್ಪು ಕಲಸುವುದು. ನೆರೆಮನೆಯ ಮರಾಠಿಯವರು ಈರುಳ್ಳಿ, ನೆನೆಸಿದ ಬೇಳೆ ಹಾಕಿ ಬಾಡಿಸುತ್ತಾರೆ, ಭಾಕ್ರಿ ಜೊತೆ ಅದೂ ಸೊಗಸು. ಮೊದಲ ಸಲ ತಿನ್ನುವವರು ಜಾಸ್ತಿ ಬಡಿಸಿಕೊಳ್ಳಬೇಡಿ. ಹೊಟ್ಟೆ ಸಡಿಲ ಮಾಡುವ ಗುಣ ಇದಕ್ಕಿದೆ, ಆಟಿಯಲ್ಲಿ ಹಿರಿಯರು ತಿನ್ನಿಸುತ್ತಿದ್ದುದಕ್ಕೆ ಅದೂ ಒಂದು ಕಾರಣ ಇರಬಹುದು.

ಮಾವ್ಶಿಯರ ಕೈಯಿಂದ ಕೊಂಡರೆ ಭಯವಿಲ್ಲ. ಈಗ ಹೊಸದಾಗಿ ಗುಂಪು ಕಟ್ಟಿಕೊಂಡು ಗುಡ್ಡಕ್ಕೆ ಸೊಪ್ಪು ಕೀಳಲು ಹೋಗುವವರ ಬಗ್ಗೆ ನನಗೆ ಚಿಂತೆ. ತಜಂಕ್‌ಗೆ ಒಬ್ಬ ಅಪಾಯದ ನೆಂಟ ಇದ್ದಾನೆ, ಮರಾಠಿಯಲ್ಲಿ ಕಾಸವಿಂದಾ, ಕೆಲವರು ರಾನ್ ಟಾಕ್ಳಾ ಅಂತಲೂ ಹೇಳಿ ಗೊಂದಲ ಮಾಡುತ್ತಾರೆ. ತಜಂಕ್‌ನ ಒಂದು ಕಡ್ಡಿಯಲ್ಲಿ ಮೂರು ಜೊತೆ ಎಲೆ, ತುದಿ ದುಂಡಗೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಕೋಡು ಸಪೂರ, ಕುಡುಗೋಲಿನಂತೆ ಬಾಗಿರುತ್ತದೆ. ಕಾಸವಿಂದಾಕ್ಕೆ ಸಾಮಾನ್ಯವಾಗಿ ನಾಲ್ಕೈದು ಜೊತೆ, ತುದಿ ಚೂಪು, ಕೋಡು ಚಪ್ಪಟೆ. ಅದರ ಬೀಜ ಮಕ್ಕಳ ಜೀವ ತೆಗೆದಿದೆ. ಒಡಿಶಾದ ಮಲ್ಕಾನ್‌ಗಿರಿಯಲ್ಲಿ 2016ರಲ್ಲಿ ಸಾಲುಸಾಲಾಗಿ ಮಕ್ಕಳು ಸತ್ತಾಗ ಮೊದಲು ಎಲ್ಲವನ್ನೂ ಮೆದುಳು ಜ್ವರ ಅಂದುಕೊಂಡರು. ಹಿರಿಯ ವೈರಾಣು ತಜ್ಞ ಟಿ. ಜೇಕಬ್ ಜಾನ್ ಅವರ ತಂಡ ಹೋಗಿ ನೋಡಿ, ಹಲವು ಸಾವುಗಳಿಗೆ ಈ ಬೀಜ ಕಾರಣ ಅಂದಿತು.

ಗಿಡ ಸರಿಯಾದದ್ದೇ ಇರಲಿ, ನೆಲ ಯಾವುದು? ಮುಂಬೈಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು ಅನ್ನುತ್ತೇನೆ ನಾನು. ರೈಲು ಹಳಿಯ ಪಕ್ಕದಲ್ಲಿ ಪಾಲಕ್, ಕೆಂಪು ಹರಿವೆ ಬೆಳೆಯುವುದನ್ನು ಲೋಕಲ್ ಕಿಟಕಿಯಿಂದ ನೋಡದವರಿಲ್ಲ. ಹೆಚ್ಚು ಆಹಾರ ಬೆಳೆಯಿರಿ ಅನ್ನುವ ಯೋಜನೆಯಲ್ಲಿ ರೈಲ್ವೆಯೇ ಆ ಜಾಗವನ್ನು ತನ್ನ ನೌಕರರಿಗೆ ಕೊಟ್ಟಿತ್ತು. ಚರಂಡಿ ನೀರು ಹಾಯಿಸುತ್ತಾರೆ ಅನ್ನುವ ದೂರು ಎಷ್ಟು ವರ್ಷದ್ದು! ಅದೇ ಹಳಿ ಬದಿಯಲ್ಲಿ ಮುಳ್ಳು ಹರಿವೆ, ಗೋಣಿ ಸೊಪ್ಪು, ತಜಂಕ್ ತಾನಾಗಿ ಹುಟ್ಟಿದರೆ ಅದು 'ಕಾಡು ಸೊಪ್ಪು, ಶುದ್ಧ' ಅಂತ ಆಗಿಬಿಡುತ್ತದಾ? ಬೇರು ಕುಡಿಯುವ ನೀರು ಅದೇ ಅಲ್ವಾ?

ಜಲಪರ್ಣಿಯ, ಅಂದರೆ ನೀರಿನ ಮೇಲೆ ತೇಲುವ ವಾಟರ್ ಹಯಸಿಂತ್ ಗಿಡದ, ವಿಷಯದಲ್ಲಿ ಇದು ಇನ್ನೂ ನೇರ. ಪುಣೆಯ ಮುಳಾ-ಮುಠಾ, ಪವನಾ, ಇತ್ತ ನಮ್ಮ ಉಲ್ಹಾಸ್ ನದಿ, ಪೊವಾಯಿ ಕೆರೆ, ಎಲ್ಲ ಕಡೆ ಬೇಸಿಗೆ ಬಂದರೆ ಹಸಿರು ಚಾಪೆ ಹಾಸುತ್ತದೆ. ಆಗ್ನೇಯ ಏಷ್ಯಾದ ಕೆಲವು ಕಡೆ ಇದರ ಎಳೆ ಎಲೆ, ಹೂ ತಿನ್ನುತ್ತಾರೆ, ನಿಜ. ಆದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ನೀರಿನಿಂದ ಹೀರಿಕೊಳ್ಳುವುದರಲ್ಲಿ ಈ ಗಿಡ ಎತ್ತಿದ ಕೈ. ಕೊಳೆ ನೀರು ತಿಳಿ ಮಾಡಲು ಇದನ್ನು ಬಳಸುವುದೇ ಅದಕ್ಕೆ. ನಗರದ ಜಲಪರ್ಣಿ ತಿನ್ನುವುದೂ ಫಿಲ್ಟರಿನ ಕಸ ತಿನ್ನುವುದೂ ಒಂದೇ. ಪಾಲಿಕೆಗಳು ಪ್ರತಿ ವರ್ಷ ದುಡ್ಡು ಸುರಿದು ತೆಗೆಸುತ್ತವೆ. ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಅದು ಎರಡರಷ್ಟಾಗುತ್ತದೆ. ಊಟ ಹಾಕುತ್ತಿರುವುದು ನಮ್ಮ ಚರಂಡಿ. ಅದು ನಿಲ್ಲುವ ತನಕ ಯಂತ್ರ ತಂದರೂ ಅಷ್ಟೇ, ಬಾಣಸಿಗರನ್ನು ಕರೆತಂದರೂ ಅಷ್ಟೇ.

ಉಪಯೋಗ ಅಂದರೆ ತಿನ್ನುವುದೇ ಆಗಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಅದಕ್ಕೆ ಬೆನ್ನಿಗೆ ನಿಂತಿತು. ಒಳ್ಳೆಯ ಕೆಲಸ. ಆದರೂ 2020ರ ಒಂದು ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರ್ ಕಾಡಿನಲ್ಲಿ ಲಂಟಾನ ಇದೆ. ಅಷ್ಟು ಕುರ್ಚಿಯ ಮೇಲೆ ಕೂರಲು ಜನ ಬೇಕಲ್ಲ.

ಮಹಾರಾಷ್ಟ್ರ ಸರ್ಕಾರ ಆಗಸ್ಟ್ ಹೊತ್ತಿಗೆ ರಾನ್‌ಭಾಜಿ ಮಹೋತ್ಸವ ಮಾಡುತ್ತದೆ. ಆದಿವಾಸಿ ಹೆಂಗಸರಿಗೆ ನಾಲ್ಕು ಕಾಸು ಸಿಗುತ್ತದೆ, ಮಕ್ಕಳು ಸೊಪ್ಪಿನ ಹೆಸರು ಕಲಿಯುತ್ತಾರೆ. ನನಗೆ ಅಲ್ಲಿ ಇರಿಸುಮುರಿಸು ಆಗುವುದು ಒಂದೇ ಕಾರಣಕ್ಕೆ. ಟಾಕ್ಳಾ, ಕುರ್ಡು ಒಂದು ಕಡೆ, ಶೇವಳಿ ಇನ್ನೊಂದು ಕಡೆ, ಎಲ್ಲಕ್ಕೂ 'ಕಾಡು ತರಕಾರಿ' ಅನ್ನುವ ಒಂದೇ ಬೋರ್ಡು. ಕುರ್ಡು ನಮ್ಮ ಅಣ್ಣೆ ಸೊಪ್ಪು, ಹೊಲದ ಕಳೆ, ಎಷ್ಟು ಕಿತ್ತರೂ ರೈತ ದುಃಖಪಡುವುದಿಲ್ಲ. ಶೇವಳಿ ಹಾಗಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಸುವರ್ಣಗಡ್ಡೆಯ ಜಾತಿ. ಮೊದಲ ಮಳೆಗೆ ನೆಲ ಸೀಳಿ ಮೇಲೆ ಬರುವ ಹೂಮೊಗ್ಗನ್ನೇ ಕೀಳುತ್ತಾರೆ. ಬಾಯಿ ತುರಿಸದಿರಲಿ ಅಂತ ಕಾಕಡ ಮರದ ಕಾಯಿ ಹಾಕಿ ಬೇಯಿಸುತ್ತಾರೆ. ರುಚಿ ಅದ್ಭುತ. ಆದರೆ ಹೂವನ್ನೇ ಕಿತ್ತರೆ ಬೀಜ ಎಲ್ಲಿಂದ? ಬೆಲೆಯಲ್ಲಿ ಶೇವಳಿ ಮೇಲೆ, ಟಾಕ್ಳಾ ಕೆಳಗೆ. ಪೇಟೆಯ ಹಸಿವು ಏರಿದಷ್ಟೂ ಏಟು ಬೀಳುವುದು ಉಳಿಯಬೇಕಾದ ಗಿಡಕ್ಕೆ. ಅಡುಗೆಮನೆಯಿಂದ ಏನಾದರೂ ಉಪಕಾರ ಆಗುವುದಿದ್ದರೆ ಅದು ಈ ಆಯ್ಕೆಯಲ್ಲಿದೆ: ಶೇವಳಿ ಬಿಟ್ಟು ಟಾಕ್ಳಾ ಕೊಳ್ಳುವುದು. ಕಳೆಗೆ ಅದರಿಂದ ಏನೂ ಆಗುವುದಿಲ್ಲ, ಶೇವಳಿಗೆ ಸ್ವಲ್ಪ ಉಸಿರು ಸಿಗುತ್ತದೆ.

ಈ ಲೆಕ್ಕವೆಲ್ಲ ತಲೆಯಲ್ಲಿ ಇಟ್ಟುಕೊಂಡು ಮುಂದಿನ ವಾರ ಮಾವ್ಶಿ ಹತ್ತಿರ ಹೋದೆ. ತುದಿ ಚಿವುಟುವ ಬದಲು ಗಿಡವನ್ನೇ ಬೇರು ಸಮೇತ ಕಿತ್ತು ತಂದರೆ ಆಗಲ್ವಾ, ಬೇಕಾದರೆ ಐದು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂತ ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಅವರು ಕಟ್ಟು ಬಿಗಿಯುವುದನ್ನು ನಿಲ್ಲಿಸದೆ ನಕ್ಕರು. ಬೇರಿನ ಮಣ್ಣು ಯಾರು ತೊಳೆಯೋದು, ಟ್ರೈನಲ್ಲಿ ಆ ಭಾರ ಯಾರು ಹೊರೋದು ಅಂದರು. ಆಮೇಲೆ ಒಮ್ಮೆ ತಲೆ ಎತ್ತಿ, "ಎಲ್ಲಾ ಕಿತ್ತುಬಿಟ್ಟರೆ ಬರೋ ವರ್ಷ ನಾನು ಏನು ಮಾರಲಿ ತಾಯಿ?" ಅಂತ ಕೇಳಿದರು.